ಅಣ್ಣನಿಗೆ ಟಿವಿ, ತಮ್ಮನಿಗೆ ಸದ್ದು

ಒಂದು ಮನೆ ಎರಡಾಗುವಾಗ ಏನೇನೆಲ್ಲ ಪಾಲಾಗುತ್ತದೆ ಎಂದು ಹೇಳಲು ಬರುವುದಿಲ್ಲ. ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಇಂದುಧರನೂ ಅವನ ತಮ್ಮ ಬಸವಕುಮಾರನೂ ಬೇರೆಯಾದಾಗ ಹೋಮ್ ಥಿಯೇಟರೂ ಪಾಲಾಯಿತು. ಅಣ್ಣನಿಗೆ ಟಿವಿ ಬಂತು, ತಮ್ಮನಿಗೆ ಸದ್ದು ಬಂತು.

ಹೀಗೆ ಹಂಚಿದ ಪುಣ್ಯಾತ್ಮರು ನಂಜುಂಡಯ್ಯನವರು. ಮಂಡಿಯಲ್ಲಿ ನಲವತ್ತು ವರ್ಷ ಕೊಬ್ಬರಿ ದಲ್ಲಾಳಿಯಾಗಿದ್ದವರು, ಬಂಧುಗಳ ಪೈಕಿ ಹಿರಿಯರು. ಊರಿನ ಅರ್ಧ ಪಾಲುಪಟ್ಟಿಗಳು ಅವರ ಕೈಬರಹದಲ್ಲೇ ಇವೆ. ಹಳೇಬೀಡಿನ ಪಕ್ಕ ಬಸ್ತಿಹಳ್ಳಿಯಲ್ಲಿದ್ದ ತೆಂಗಿನ ತೋಟವನ್ನು ಮರ ಮರ ತಟ್ಟಿ ನೋಡಿ ಹಂಚಿದರು. ಹಿತ್ತಾಳೆ ಪಾತ್ರೆ ಹಂಚಿದರು. ಉಪ್ಪಿನಕಾಯಿ ಜಾಡಿಗಳನ್ನು ಮುಚ್ಚಳ ತೆಗೆದು ಮೂಸಿ ಹಂಚಿದರು. ಕೊನೆಗೆ ನಡುಮನೆಯಲ್ಲಿ ಉಳಿದದ್ದು ಐವತ್ತೈದು ಇಂಚಿನ ಟಿವಿ, ಒಂದು ಆಂಪ್ಲಿಫೈಯರು, ಐದು ಸ್ಪೀಕರು, ಒಂದು ದಪ್ಪನೆಯ ವೂಫರು. ಕೊಬ್ಬರಿಗೆ ಒಳ್ಳೆಯ ಧಾರಣೆ ಸಿಕ್ಕಿದ ವರ್ಷ ಅಣ್ಣ ತಮ್ಮ ಒಟ್ಟಿಗೆ ಹೋಗಿ ತಂದದ್ದು ಅದು. ಟಿವಿ ಆರಿಸಿದವನು ಇಂದುಧರ, ಸ್ಪೀಕರ್ ಆರಿಸಿದವನು ಬಸವಕುಮಾರ. ಯಾರು ಆರಿಸಿದರೋ ಅವರಿಗೆ ಎಂದು ನಂಜುಂಡಯ್ಯನವರು ಬರೆದು ರುಜು ಹಾಕಿಸಿದರು. ನ್ಯಾಯವಾಗಿ ನೋಡಿದರೆ ಅದರಲ್ಲಿ ತಪ್ಪೇನೂ ಇಲ್ಲ. ಬುದ್ಧಿ ಇಟ್ಟುಕೊಂಡು ನೋಡಿದರೆ ಮಾತ್ರ ನಗು ಬರುತ್ತದೆ.

ಟಿವಿಗೆ ತನ್ನದೇ ಒಂದು ಸ್ಪೀಕರ್ ಇತ್ತು. ಅದರಲ್ಲಿ ಯಾರು ಮಾತಾಡಿದರೂ ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳುತ್ತಿತ್ತು. ಇಂದುಧರ ಬೇರೆ ಸ್ಪೀಕರ್ ತರಬಹುದಿತ್ತು, ಬಸವಕುಮಾರ ಬೇರೆ ಟಿವಿ ತರಬಹುದಿತ್ತು. ಇಬ್ಬರಿಗೂ ತಾಕತ್ತಿಗೇನೂ ಕೊರತೆಯಿರಲಿಲ್ಲ. ಆದರೆ ಯಾರು ಮೊದಲು ಅಂಗಡಿಯ ಮೆಟ್ಟಿಲು ಹತ್ತುತ್ತಾರೋ ಅವರು ಸೋತ ಹಾಗೆ ಎಂದು ಇಬ್ಬರೂ ಒಬ್ಬರಿಗೊಬ್ಬರು ಹೇಳದೆಯೇ ತೀರ್ಮಾನಿಸಿದ್ದರು. ಹೀಗಾಗಿ ಅಣ್ಣ ಕೊಡದೊಳಗಿನ ಸದ್ದಿನ ಟಿವಿ ನೋಡುತ್ತಿದ್ದ, ತಮ್ಮ ಐದು ಸ್ಪೀಕರಿನ ನಡುವೆ ಕೂತು ರೇಡಿಯೋ ಕೇಳುತ್ತಿದ್ದ.

ನಡುಮನೆಯನ್ನು ಸೀಳಿ ಗೋಡೆ ಎಬ್ಬಿಸುವಾಗ ತಾಯಿ ಶಿವಗಂಗಮ್ಮ ಅಳಲಿಲ್ಲ, ಗೋಳಾಡಲಿಲ್ಲ. ಒಂದೇ ಒಂದು ಮಾತು ನಡೆಸಿಕೊಂಡರು. ಗೋಡೆಯಲ್ಲಿ ಒಂದು ದೀಪದ ಗೂಡು ಬಿಡಬೇಕು, ಅದು ಈ ಕಡೆಯಿಂದ ಆ ಕಡೆಗೆ ತೂತಾಗಿರಬೇಕು, ಸಂಜೆ ಹಚ್ಚಿದ ದೀಪ ಎರಡು ಮನೆಗೂ ಕಾಣಬೇಕು. ಗಾರೆಯವನು ಒಂದು ಅಂಗೈಯಗಲದ ಗೂಡು ಬಿಟ್ಟ. ಅವರು ಒಂದು ತಿಂಗಳು ದೊಡ್ಡ ಮಗನ ಮನೆಯಲ್ಲಿ, ಒಂದು ತಿಂಗಳು ಚಿಕ್ಕ ಮಗನ ಮನೆಯಲ್ಲಿ ಇದ್ದುಕೊಂಡು, ಯಾವ ಕಡೆ ಇದ್ದರೂ ಅದೇ ಗೂಡಿಗೆ ದೀಪ ಇಡುತ್ತಿದ್ದರು.

ಅಲ್ಲಿಯವರೆಗೆ ಎಲ್ಲ ಮರ್ಯಾದೆಯಿಂದಲೇ ನಡೆದಿತ್ತು. ಕೆಡಿಸಿದ್ದು ಕರೆಂಟು. ಹೊಸ ಮೀಟರ್ ಬರುವವರೆಗೆ ಇರಲಿ ಎಂದು ಅಣ್ಣನ ಮನೆಯಿಂದ ತಮ್ಮನ ಮನೆಗೆ ಒಂದು ವೈರು ಎಳೆದಿದ್ದರು. ಬಸವಕುಮಾರ ವೂಫರ್ ಹಾಕಿದಾಗಲೆಲ್ಲ ಇಂದುಧರನ ಮನೆಯ ಫ್ಯೂಸು ಹಾರುತ್ತಿತ್ತು. ನಾಲ್ಕನೆಯ ಸಲ ಹಾರಿದಾಗ ಇಂದುಧರ ಸ್ನಾನದ ಮನೆಯಲ್ಲಿ ಮೈಗೆಲ್ಲ ಸೋಪು ಹಚ್ಚಿಕೊಂಡು ಕತ್ತಲಲ್ಲಿ ನಿಂತಿದ್ದ. ಮೊದಲೇ ಅವನ ಕೋಪ ಮೂಗಿನ ತುದಿಯಲ್ಲಿ. ಪಂಚೆ ಸುತ್ತಿಕೊಂಡು ಬೀದಿಗೆ ಬಂದು, ನಾಲ್ಕು ಜನ ನೋಡುತ್ತಿರುವಾಗ, "ಇನ್ಮೇಲೆ ನನ್ನ ಹೊಸ್ತಿಲು ತುಳೀಬೇಡ ನೀನು" ಎಂದುಬಿಟ್ಟ.

ತಮ್ಮ ತುಳಿಯಲಿಲ್ಲ. ಎರಡು ವರ್ಷವಾದರೂ ತುಳಿಯಲಿಲ್ಲ. ನಂಜುಂಡಯ್ಯನವರು ಮತ್ತೆ ಬಂದು ಪಾಲುಪಟ್ಟಿಯ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಒಬ್ಬರ ಮನೆಯ ವಿದ್ಯುತ್ತು ಯಾವ ತಂತಿಯ ಮೂಲಕವೂ ಇನ್ನೊಬ್ಬರ ಮನೆಗೆ ಹೋಗಕೂಡದು.

ಇಂದುಧರನಿಗೆ ಆ ಮಾತು ಬಾಯಿಂದ ಬಿದ್ದ ಗಳಿಗೆಯಲ್ಲೇ ಅದನ್ನು ಹೆಕ್ಕಿ ಬಾಯಿಗೆ ಹಾಕಿಕೊಳ್ಳಬೇಕು ಅನ್ನಿಸಿತ್ತು. ಆದರೆ ಹೇಗೆ? ಆಡಿದವನು ಅವನು, ಹಿಂದಕ್ಕೆ ತೆಗೆದುಕೊಳ್ಳಬೇಕಾದವನೂ ಅವನೇ, ಮೇಲಾಗಿ ದೊಡ್ಡವನು. ಗೂಡಿನೊಳಗಿಂದ ತಮ್ಮನ ಕೆಮ್ಮು ಕೇಳಿದರೆ ಅವನಿಗೆ ಊಟ ಸೇರುತ್ತಿರಲಿಲ್ಲ. "ಕೆಮ್ಮಿಗೆ ಮೆಣಸಿನ ಕಷಾಯ ಒಳ್ಳೇದು ಕಣೇ" ಎಂದು ಗೋಡೆಗೆ ಕೇಳುವಷ್ಟು ಜೋರಾಗಿ ಹೆಂಡತಿಗೆ ಹೇಳುತ್ತಿದ್ದ. "ನಂಗೆಲ್ಲೈತೆ ಕೆಮ್ಮು?" ಎಂದು ಅವಳು ಕೇಳಿದರೆ ಮುಖ ಊದಿಸಿಕೊಂಡು ಎದ್ದು ಹೋಗುತ್ತಿದ್ದ. ತಮ್ಮ ಒಂದು ಸಲ ಒಳಗೆ ಬಂದು, ಯಾವಾಗಲೂ ಕೂರುತ್ತಿದ್ದ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರೆ ಸಾಕಿತ್ತು. ಅವನು ಬೇಡಿಕೊಳ್ಳುತ್ತಿದ್ದದ್ದು ಅಷ್ಟೇ, ಆದರೆ ಅದನ್ನು ದೇವರಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಆ ವರ್ಷ ಬಸವಕುಮಾರನ ಮಗಳು ಸ್ವಾತಿ ಕಾಲೇಜಿನ ಕಬಡ್ಡಿ ತಂಡದಲ್ಲಿ ಮಿಂಚುತ್ತಿದ್ದಳು. ತಂಡ ಒಂದೊಂದೇ ಪಂದ್ಯ ಗೆದ್ದು, ಬೆಳಗಾವಿಯಲ್ಲಿ ನಡೆಯುವ ರಾಜ್ಯ ಮಟ್ಟದ ಫೈನಲ್‌ವರೆಗೆ ಹೋಯಿತು. ಅವಳ ಜೊತೆ ತಾಯಿ ಶಿಲ್ಪಾ ಹೋದಳು. ತಂದೆಗೆ ಮಾತ್ರ ಅನುಮತಿ ಇರಲಿಲ್ಲ, ಅನುಮತಿ ನಿರಾಕರಿಸಿದವಳು ಸ್ವತಃ ಸ್ವಾತಿ. ಬೇಲೂರಿನ ಪಂದ್ಯದಲ್ಲಿ ರೆಫರಿ ಅವಳನ್ನು ಔಟ್ ಕೊಟ್ಟಾಗ ಬಸವಕುಮಾರ ಚಪ್ಪಲಿ ಹಾಕಿಕೊಂಡೇ ಅಂಕಣಕ್ಕೆ ನುಗ್ಗಿ, ಮಣ್ಣಿನಲ್ಲಿ ಬಿದ್ದ ಕೈಗುರುತು ತೋರಿಸಿ ವಾದ ಮಾಡಿದ್ದ. "ಅಪ್ಪ ಬಂದ್ರೆ ನಾನು ಆಡಲ್ಲ" ಎಂದು ಅವಳು ಖಡಾಖಂಡಿತವಾಗಿ ಹೇಳಿದ್ದಳು.

ಪಂದ್ಯವನ್ನು ಯಾರೋ ಯೂಟ್ಯೂಬಿನಲ್ಲಿ ನೇರವಾಗಿ ತೋರಿಸುವವರಿದ್ದರು. ಬಸವಕುಮಾರನ ಬಳಿ ಇದ್ದದ್ದು ಒತ್ತುವ ಗುಂಡಿಯ ಹಳೇ ಫೋನು. ಕೊಬ್ಬರಿ ಧಾರಣೆ ಕೇಳಲು ಅದೇ ಸಾಕು ಎನ್ನುವುದು ಅವನ ಸಿದ್ಧಾಂತ. ಮನೆಯಲ್ಲಿದ್ದ ಒಂದೇ ದೊಡ್ಡ ಫೋನು ಶಿಲ್ಪಾಳ ಜೊತೆ ಬೆಳಗಾವಿಗೆ ಹೋಗಿತ್ತು. ಮಗಳ ಫೈನಲ್ ದಿನ ಅವನಿಗೆ ಚಿತ್ರವೂ ಇರಲಿಲ್ಲ, ಸುದ್ದಿಯೂ ಇರಲಿಲ್ಲ.

ಇಲ್ಲಿ ಇಂದುಧರನ ಮಗಳು ಸಿರಿ ಕೈ ಹಾಕಿದಳು. ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಓದುವವಳು, ದಿನಾ ರೈಲಿನಲ್ಲಿ ಹೋಗಿ ಬರುತ್ತಾಳೆ. ಮಾತು ಕಡಿಮೆ, ಕಣ್ಣು ಎಲ್ಲ ಕಡೆ. ಶುಕ್ರವಾರ ಊಟದ ಹೊತ್ತಿಗೆ ಅಪ್ಪನ ಮುಂದೆ ಕೂತು ಹೇಳಿದಳು: "ಅಪ್ಪಾ, ಈ ತಿಂಗಳು ಅಜ್ಜಿ ಚಿಕ್ಕಪ್ಪನ ಮನೇಲಿ ಇದಾರೆ. ಸ್ವಾತಿ ಮ್ಯಾಚು ಕೇಳ್ಬೇಕು ಅಂತಿದಾರೆ. ನಮ್ಮ ಟಿವಿ ಸದ್ದನ್ನ ಅವರ ಸ್ಪೀಕರ್‌ಗೆ ಕಳಿಸಬಹುದು. ಗೂಡಲ್ಲಿ ಒಂದು ಕೇಬಲ್ ಹಾಯಿಸಿದ್ರೆ ಸಾಕು."

"ತಂತಿ ಹೋಗಂಗಿಲ್ಲ" ಎಂದ ಇಂದುಧರ. "ಬರೆದೈತಲ್ಲ ಪಟ್ಟೀಲಿ. ನಾನೇ ರುಜು ಹಾಕಿದೀನಿ."

"ಬರೆದಿರೋದು ಕರೆಂಟು ಹೋಗಬಾರದು ಅಂತ. ಇದು ಆಪ್ಟಿಕಲ್ ಕೇಬಲ್. ಇದ್ರೊಳಗೆ ಕರೆಂಟೇ ಹೋಗಲ್ಲ, ಬೆಳಕು ಹೋಗುತ್ತೆ. ಟಿವಿ ಸದ್ದನ್ನ ಬೆಳಕು ಮಾಡಿ ಕಳಿಸುತ್ತೆ, ಆ ಕಡೆ ಆಂಪ್ಲಿಫೈಯರ್ ಅದನ್ನ ಮತ್ತೆ ಸದ್ದು ಮಾಡಿಕೊಳ್ಳುತ್ತೆ."

ಇಂದುಧರ ಮಗಳ ಮುಖ ನೋಡಿದ. ತಮಾಷೆ ಮಾಡುತ್ತಿರುವ ಹಾಗೆ ಕಾಣಲಿಲ್ಲ. "ನಂಜುಂಡಯ್ಯನೋರು ಒಪ್ಪಿದ್ರೆ ನೋಡಾನ" ಎಂದ. ಅವರು ಒಪ್ಪುವುದಿಲ್ಲ ಎಂಬ ಭಯ ಅವನಿಗೆ ಒಳಗೊಳಗೇ ಹತ್ತಿತು.

ಶನಿವಾರ ಸಿರಿ ಬೇಲೂರಿಗೆ ಹೋಗಿ, ಹೋಟೆಲುಗಳಿಗೆ ಸೌಂಡ್ ಸಿಸ್ಟಮ್ ಕೂರಿಸುವ ಧರ್ಮೇಶನ ಅಂಗಡಿಯಿಂದ ಐದು ಮೀಟರಿನ ಕೇಬಲ್ ತಂದಳು. ಕಪ್ಪಗೆ, ಬೂಟಿನ ದಾರದಷ್ಟು ದಪ್ಪ, ಎರಡು ತುದಿಗೂ ಕಡಲೆಬೇಳೆಯಷ್ಟು ಪ್ಲಾಸ್ಟಿಕ್ ಟೋಪಿ. ಮಡಚಬಾರದು, ಒಳಗೆ ಗಾಜಿನ ಹಾಗಿರುವ ಎಳೆ ಇದೆ ಎಂದು ಧರ್ಮೇಶ ಹೇಳಿ ಕಳಿಸಿದ್ದ. ಅದನ್ನು ದೊಡ್ಡದಾಗಿ ಸುತ್ತಿ, ಹೂವಿನ ಹಾರದ ಹಾಗೆ ತೋಳಿಗೆ ಹಾಕಿಕೊಂಡು, ಅಪ್ಪನನ್ನು ಕರೆದುಕೊಂಡು ನಂಜುಂಡಯ್ಯನವರ ಮನೆಗೆ ಹೋದಳು.

ನಂಜುಂಡಯ್ಯನವರು ಕನ್ನಡಕ ಹಾಕಿಕೊಂಡು ಪಾಲುಪಟ್ಟಿಯ ನಕಲು ತೆಗೆದರು. ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಆಮೇಲೆ ಕೇಬಲಿನ ಒಂದು ತುದಿ ಹಿಡಿದುಕೊಂಡರು. ಸಿರಿ ಇನ್ನೊಂದು ತುದಿಗೆ ಟಾರ್ಚ್ ಬಿಟ್ಟಳು. ಅವರ ಅಂಗೈ ಮೇಲೆ ಸಾಸಿವೆ ಕಾಳಿನಷ್ಟು ಬೆಳಕು ಬಿತ್ತು. ಅವರು ಅಂಗೈಯನ್ನು ಆ ಕಡೆ ಈ ಕಡೆ ಮಾಡಿ ನೋಡಿದರು. ಅಷ್ಟಕ್ಕೂ ಸಮಾಧಾನವಾಗದೆ, ಟಾರ್ಚಿನ ಬ್ಯಾಟರಿ ಪರೀಕ್ಷೆ ಮಾಡುವವರ ಹಾಗೆ ತುದಿಯನ್ನು ನಾಲಿಗೆಗೆ ಮುಟ್ಟಿಸಿದರು.

"ಜುಮ್ ಅನ್ನಲ್ಲವಲ್ಲಮ್ಮ" ಎಂದರು ನಂಜುಂಡಯ್ಯನವರು.

"ಅನ್ನಲ್ಲ ತಾತ. ಬರೀ ಬೆಳಕು."

"ದೀಪದ ಗೂಡಲ್ಲಿ ಬೆಳಕು ಹೋಗಬಾರದು ಅಂತ ನಾನೆಲ್ಲೂ ಬರೆದಿಲ್ಲ. ನಿಮ್ಮಜ್ಜಿ ಬರೆಯೋಕೆ ಬಿಡ್ತಿದ್ರಾ?" ಅವರು ತುದಿಯನ್ನು ಪಂಚೆಗೆ ಒರಸಿ, ಟೋಪಿ ಹಾಕಿ ವಾಪಸ್ ಕೊಟ್ಟರು. ಪಟ್ಟಿಯ ಅಂಚಿನಲ್ಲಿ "ಬೆಳಕಿಗೆ ಅಡ್ಡಿಯಿಲ್ಲ" ಎಂದು ಬರೆದು ತಾರೀಕು ಹಾಕಿದರು. ಇಂದುಧರನಿಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು. ಬೀಳಲು ಸರಿಯಾದ ಕಾರಣ ಹೊಳೆಯದೆ ಕಾಫಿ ಕುಡಿದು ಬಂದ.

ಚಿಕ್ಕಪ್ಪನ ಒಪ್ಪಿಗೆಯನ್ನು ಸಿರಿಯೇ ಹೋಗಿ ತಂದಳು. "ನಿಮ್ಮಪ್ಪನ ಟಿವಿ ನೋಡಕ್ಕೆ ನಾನೇನು ಬರಲ್ಲ. ಸದ್ದು ಬಂದ್ರೆ ಬರಲಿ. ಸದ್ದು ನನ್ನ ಪಾಲು" ಎಂದನಂತೆ.

ಒಂದು ತೊಡಕಿತ್ತು. ಆಪ್ಟಿಕಲ್ ಎಂದು ಆರಿಸಿಕೊಂಡರೆ ಈ ಟಿವಿಯ ಸ್ವಂತ ಬಾಯಿ ಮುಚ್ಚಿಹೋಗುತ್ತದೆ ಎಂದಳು ಸಿರಿ. ಅಂದರೆ ಸದ್ದೆಲ್ಲ ಆ ಮನೆಗೆ, ಈ ಮನೆಗೆ ಬರೀ ಚಿತ್ರ. ಬೇರೆ ದಿನವಾಗಿದ್ದರೆ ಇಂದುಧರ ಹಾರಾಡುತ್ತಿದ್ದ. ಅವತ್ತು, "ಹೋಗ್ಲಿ ಬಿಡು. ಅವನ ಮಗಳ ಮ್ಯಾಚು, ಅವನೇ ಕೇಳ್ಲಿ" ಎಂದ. ಸಿರಿ ಬೇರೆ ಕಡೆ ತಿರುಗಿಕೊಂಡು ನಕ್ಕದ್ದು ಅವನಿಗೆ ಕಾಣಿಸಲಿಲ್ಲ.

ಭಾನುವಾರ ಬೆಳಿಗ್ಗೆ ಸಿರಿ ಟಿವಿ ಕಡೆಯ ತುದಿಯನ್ನು ಸಿಕ್ಕಿಸಿ, ಇನ್ನೊಂದು ತುದಿಯನ್ನು ಗೂಡಿನೊಳಗಿಂದ ಅಜ್ಜಿಯ ಕೈಗೆ ಕೊಟ್ಟಳು. ಆಮೇಲೆ ಇದ್ದಕ್ಕಿದ್ದ ಹಾಗೆ ತಾಯಿಯನ್ನು ಹೊರಡಿಸಿಕೊಂಡು ಗೆಂಡೆಹಳ್ಳಿಗೆ, ತಾಯಿಯ ಕಡೆಯವರ ಗೃಹಪ್ರವೇಶಕ್ಕೆ ಹೊರಟುನಿಂತಳು. ಮ್ಯಾಚ್ ನೋಡಲ್ವಾ ಎಂದರೆ ಫೋನಲ್ಲಿ ನೋಡ್ತೀನಿ ಎಂದಳು. "ಏನಾದ್ರೂ ಬರಲಿಲ್ಲ ಅಂದ್ರೆ ತುದಿ ಕಿತ್ತು ಕೆಂಪು ಬೆಳಕು ಬರ್ತಾ ಇದೆಯಾ ನೋಡಿ. ಎರಡೂ ಕಡೆಯವರು ನೋಡಬೇಕು" ಎಂದು ಹೇಳಿ ಆಟೋ ಹತ್ತಿದಳು.

ಹತ್ತೂವರೆಗೆ ಚಿತ್ರ ಬಂತು. ಯಾರೋ ಫೋನನ್ನು ಅಂಕಣದ ಪಕ್ಕದಲ್ಲೇ ಕಂಬಕ್ಕೆ ಕಟ್ಟಿದ್ದರು. ಹಸಿರು ಬನಿಯನ್ನಿನ ನಮ್ಮ ಹುಡುಗಿಯರು, ಕೆಂಪು ಬನಿಯನ್ನಿನ ಧಾರವಾಡದ ಕಡೆಯ ಹುಡುಗಿಯರು. ಇಂದುಧರ ಒಬ್ಬನೇ ಕುರ್ಚಿಯ ತುದಿಗೆ ಕೂತಿದ್ದ. ಚಿತ್ರದಲ್ಲಿ ಜನ ಬಾಯಿ ತೆರೆದು ಕೂಗುತ್ತಿದ್ದರು, ಸದ್ದಿಲ್ಲ. ಆ ಕಡೆಯಿಂದಲೂ ಸದ್ದಿಲ್ಲ.

ಗೂಡಿನಿಂದ ತಮ್ಮನ ದನಿ ಬಂತು, ಆದರೆ ಇವನಿಗಲ್ಲ. "ಏನೂ ಬತ್ತಾ ಇಲ್ಲ ಕಣವ್ವ."

"ನಿಮ್ಮಣ್ಣನ್ನ ಕೇಳು" ಎಂದರು ಶಿವಗಂಗಮ್ಮ.

"ನೀನೇ ಕೇಳು."

"ನಂಗೆ ಮಂಡಿನೋವು ಕಣಪ್ಪ, ಏಳಕ್ಕಾಗಲ್ಲ."

ಗೂಡಿಗೂ ಶಿವಗಂಗಮ್ಮನ ಮಂಚಕ್ಕೂ ಎರಡು ಮಾರು ದೂರವಿಲ್ಲ. ಬೆಳಿಗ್ಗೆಯಷ್ಟೇ ಎದ್ದು ಬಂದು ಕೇಬಲ್ ಇಸಿದುಕೊಂಡಿದ್ದರು. ಆಟ ಶುರುವಾಗಿಯೇ ಹೋಯಿತು. ಇಂದುಧರ ಕಾಲು ಸುಟ್ಟ ಬೆಕ್ಕಿನ ಹಾಗೆ ಟಿವಿಯಿಂದ ಗೂಡಿಗೆ, ಗೂಡಿನಿಂದ ಟಿವಿಗೆ ಎರಡು ಸಲ ಓಡಾಡಿದ. ಕೊನೆಗೆ ಗೂಡಿನಲ್ಲಿದ್ದ ಹಣತೆಯನ್ನೇ ನೋಡುತ್ತ, ಹಣತೆಗೇ ಹೇಳುವ ಹಾಗೆ ಹೇಳಿದ: "ಆ ಸೆಟ್ಟಲ್ಲಿ ಆಪ್ಟಿಕಲ್ ಅಂತ ಇಟ್ಕೋಬೇಕಂತೆ."

"ಇಟ್ಟೈತೆ" ಎಂದಿತು ಗೋಡೆ.

ಎರಡು ವರ್ಷದ ಮೇಲೆ ಅಣ್ಣತಮ್ಮಂದಿರು ಆಡಿದ ಮೊದಲ ಮಾತು ಅದು. ಇಂದುಧರ ಗೂಡಿಗೆ ಇನ್ನಷ್ಟು ಬಗ್ಗಿದ. "ತುದೀಲಿ ಕೆಂಪು ಬತ್ತಾ ಐತಾ ನೋಡು."

"ಇಲ್ಲ. ನಿನ್ನ ಕಡೇನೇ ಏನೋ ತಪ್ಪಿರ್ಬೇಕು."

"ನನ್ನ ಕಡೆ ಯಾಕಿರುತ್ತೆ?" ಕೋಪ ಚುರ್ ಎಂದು ಏರಿತು. ಇಂದುಧರ ಟಿವಿಯ ಹಿಂದೆ ಕೈ ಹಾಕಿ ತುದಿ ಕಿತ್ತು ನೋಡಿದ. ತೂತಿನೊಳಗೆ ಸಣ್ಣ ಕೆಂಡದ ಹಾಗೆ ಕೆಂಪಗೆ ಉರಿಯುತ್ತಿತ್ತು. "ಇಲ್ಲಿ ಜಗಮಗ ಅಂತೈತೆ. ನೀನೇ ಸರಿಯಾಗಿ ನೋಡು. ಕನ್ನಡಕ ಹಾಕ್ಕೊಂಡು ನೋಡು." ಮತ್ತೆ ಸಿಕ್ಕಿಸಿದ.

"ಹಾಕ್ಕೊಂಡೇ ಇದೀನಿ. ತುದಿ ಬೆಳ್ಳಗೈತೆ."

"ಬೆಳ್ಳಗೆ ಯಾಕಿರುತ್ಲಾ? ಗಾಜಿನ ಹಂಗಿರ್ಬೇಕು."

ಗೋಡೆಯಾಚೆ ಬಸವಕುಮಾರನ ದನಿ ಬದಲಾಯಿತು. "ಅವ್ವ, ಇದಕ್ಕೇನು ಮಾಡ್ದೆ ನೀನು?"

"ಏನ್ ಮಾಡ್ದೆ? ಹೊಸಾದು ಮನೆಗೆ ಬಂದೈತಲ್ಲ, ಟೋಪಿ ತೆಗೆದು ವಿಭೂತಿ ಇಟ್ಟೆ."

"ವೈರಿಗೆ ಯಾರಾದ್ರೂ ವಿಭೂತಿ ಇಡ್ತಾರಾ?"

"ಸ್ಕೂಟರ್‌ಗೆ ಇಟ್ಟಾಗ ಸುಮ್ಕಿದ್ರಿ. ಗ್ಯಾಸ್ ಒಲೆಗೆ ಇಟ್ಟಾಗ ಸುಮ್ಕಿದ್ರಿ. ಸಿರಿ ಕನ್ನಡಕಕ್ಕೂ ಇಟ್ಟಿದೀನಿ."

"ಕನ್ನಡಕದ ಕಡ್ಡಿಗೆ ಇಟ್ಟಿದ್ದೆ ಕಣವ್ವ, ಗಾಜಿಗೆ ಇಟ್ಟಿರ್ಲಿಲ್ಲ" ಎಂದ ಇಂದುಧರ ಗೂಡಿಗೆ ಬಾಯಿ ಹಚ್ಚಿ. ಆ ಕಡೆಯಿಂದ ಫಕ್ಕನೆ ಒಂದು ನಗು ಬಂತು. ಹಿಂದೆಯೇ ಇವನಿಗೂ ಬಂತು. ಇಬ್ಬರೂ ತಕ್ಷಣ ನಗು ನುಂಗಿಕೊಂಡರು.

"ಮೆತ್ತನೆ ಬಟ್ಟೇಲಿ ಒರಸು" ಎಂದ ಇಂದುಧರ. "ಗೀಚ್ಬೇಡ. ಸೆಟ್ಟಿನ ತೂತಿಗೂ ಒಂದ್ಸಲ ಊದು."

ಊದಿದ ಸದ್ದು ಕೇಳಿತು. ಟಕ್ ಎಂದು ತುದಿ ಕೂತ ಸದ್ದು ಕೇಳಿತು. ಮರುಕ್ಷಣ ಗೋಡೆಯಾಚೆ ಬೆಳಗಾವಿಯ ಕ್ರೀಡಾಂಗಣ ಪೂರ್ತಿ ಮೈಮೇಲೆ ಬಿದ್ದ ಹಾಗಾಯಿತು. ಶೀಟಿ, ಚಪ್ಪಾಳೆ, ಹುಡುಗಿಯರ ಕೂಗು, ವೂಫರಿನ ಧಡಧಡ. ಇಂದುಧರನ ಮನೆಗೆ ಅದರಲ್ಲಿ ಕಾಲು ಭಾಗವೂ ಬರಲಿಲ್ಲ. ಗೂಡಿನಿಂದ ಗಿಜಿಗಿಜಿ ಎಂದು ಸೋರಿ ಬಂದದ್ದಷ್ಟೇ. ಆದರೂ ಅವನು ಎರಡು ಕೈ ತಟ್ಟಿದ.

ಈಗ ಹೊಸ ಕಷ್ಟ. ಆ ಪ್ರಸಾರದಲ್ಲಿ ಆಟ ವಿವರಿಸುವವರು ಯಾರೂ ಇರಲಿಲ್ಲ. ಜನ ಕೂಗುತ್ತಿದ್ದರು, ಯಾರ ಪರವಾಗಿ ಎಂದು ಬಸವಕುಮಾರನಿಗೆ ಗೊತ್ತಾಗುತ್ತಿರಲಿಲ್ಲ. ಎರಡು ನಿಮಿಷ ತಡೆದುಕೊಂಡ. ಮೂರನೆಯ ನಿಮಿಷಕ್ಕೆ ಸೋತ.

"ಅಣ್ಣ, ಏನಾಯ್ತು? ಯಾಕಿಷ್ಟು ಕೂಗ್ತಾವ್ರೆ?"

ಅಣ್ಣ ಎಂದಿದ್ದ. ಇಂದುಧರ ಕುರ್ಚಿಯನ್ನು ಎಳೆದು ಗೂಡಿನ ಪಕ್ಕಕ್ಕೆ ಹಾಕಿಕೊಂಡ, ಟಿವಿಯೂ ಕಾಣಬೇಕು, ಬಾಯಿಯೂ ಗೂಡಿನ ಹತ್ತಿರ ಇರಬೇಕು. "ನಮ್ಮೋಳೊಬ್ಳು ಔಟು. ಸ್ವಾತಿ ಅಲ್ಲ. ಗಿಡ್ಡನ್ ಹುಡುಗಿ. ಅವರಿಗೆ ಎಂಟು, ನಮಗೆ ಆರು."

"ಸ್ವಾತಿ ಎಲ್ಲವ್ಳೆ?"

"ಎಡಗಡೆ ಮೂಲೇಲಿ. ಮಂಡಿಗೆ ಪಟ್ಟಿ ಕಟ್ಕೊಂಡವ್ಳೆ. ಸೊಂಟದ ಮೇಲೆ ಕೈ ಇಟ್ಕೊಂಡು ನಿಂತವ್ಳೆ, ಥೇಟ್ ನಿನ್ನ ಹಂಗೇ."

ಹೀಗೆ ಶುರುವಾಯಿತು. ಇಂದುಧರ ಹುಟ್ಟಿದಾಗಿನಿಂದ ಯಾರಿಗೂ ಏನನ್ನೂ ಪೂರ್ತಿ ವಿವರಿಸಿ ಹೇಳಿದವನಲ್ಲ. ಮಂಡಿಯಲ್ಲಿ ಧಾರಣೆ ಕೇಳಿದರೂ ಬೆರಳು ತೋರಿಸುವ ಗಿರಾಕಿ. ಅವತ್ತು ಮಾತ್ರ ಅವನ ನಾಲಿಗೆಗೆ ಎಲುಬೇ ಇಲ್ಲದ ಹಾಗಾಯಿತು. ಯಾರು ಎಲ್ಲಿ ಕಾಲಿಟ್ಟರು, ಯಾರು ಯಾರ ಸೊಂಟ ಹಿಡಿದರು, ಯಾರ ಜಡೆ ಬಿಚ್ಚಿಹೋಯಿತು, ಎಲ್ಲವನ್ನೂ ಗೂಡಿಗೆ ಸುರಿದ. ಸ್ವಾತಿ ರೈಡಿಗೆ ಹೋಗುವುದನ್ನು ಮಾತ್ರ ಅವನು ಹೇಳಬೇಕಾಗಿರಲಿಲ್ಲ. ಅವನಿಗೆ ಕಾಣುವಷ್ಟರಲ್ಲಿ ತಮ್ಮನಿಗೆ ಕೇಳುತ್ತಿತ್ತು.

"ಅವಳ ದನಿ ಬತ್ತಾ ಐತೆ ಅಣ್ಣ. ಕಬಡ್ಡಿ ಕಬಡ್ಡಿ ಅಂತಾವ್ಳೆ. ಪಕ್ಕದಲ್ಲೇ ನಿಂತು ಅಂದಂಗೆ ಕೇಳ್ತಾ ಐತೆ."

"ನಂಗೆ ತುಟಿ ಅಲ್ಲಾಡೋದು ಕಾಣ್ತಾ ಐತೆ."

"ಉಸಿರು ಸಣ್ಣಗಾಯ್ತು. ವಾಪಸ್ ಬರಬೇಕು ಈಗ."

"ಬತ್ತಾವ್ಳೆ, ಬತ್ತಾವ್ಳೆ. ಒಬ್ಳು ಕಾಲು ಹಿಡ್ಕಂಡ್ಳು. ಎಳೀತಾವ್ಳೆ. ಗೆರೆ ಮುಟ್ಟಿದ್ಳು ಕಣೋ, ಒಂದು ಪಾಯಿಂಟು."

ಬಸವಕುಮಾರ ಆ ಕಡೆ ಗೋಡೆಗೆ ಗುದ್ದಿದ. ಈ ಕಡೆ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರ್ ಬಿತ್ತು. ಎತ್ತಲು ಇಂದುಧರನಿಗೆ ಪುರುಸೊತ್ತಿರಲಿಲ್ಲ.

ಅಂಕ ಏರುತ್ತ ಬಂತು. ಇಪ್ಪತ್ತು ಹದಿನೆಂಟು. ಇಪ್ಪತ್ತೈದು ಇಪ್ಪತ್ತೈದು. ಕೊನೆಗೆ ಅವರಿಗೆ ಇಪ್ಪತ್ತೊಂಬತ್ತು, ನಮಗೆ ಇಪ್ಪತ್ತೆಂಟು, ಒಂದೇ ಒಂದು ರೈಡು ಬಾಕಿ. ಸ್ವಾತಿ ಬಗ್ಗಿ ನೆಲ ಮುಟ್ಟಿ, ಕೈಯನ್ನು ಹಣೆಗೆ ಒತ್ತಿಕೊಂಡು ಮಧ್ಯದ ಗೆರೆ ದಾಟಿದಳು.

"ಅವಳೇ ಹೋದ್ಲು" ಎಂದ ಬಸವಕುಮಾರ. "ಹೇಳಣ್ಣ, ಏನ್ ಮಾಡ್ತಾವ್ಳೆ ಹೇಳು."

ಇಂದುಧರ ಹೇಳಲು ಬಾಯಿ ತೆರೆದ. ಸ್ವಾತಿ ಎದುರಾಳಿಗಳ ಮೂಲೆಗೆ ಹೋಗಿ ಕೈ ಚಾಚಿದ್ದಳು. ಅವಳ ಬೆರಳಿಗೂ ಕೆಂಪು ಬನಿಯನ್ನಿನ ಇಬ್ಬರಿಗೂ ಗೇಣು ದೂರ. ಆಗ ಅವನಿಗೆ ಒಂದು ಮಾತು ಹೊಳೆಯಿತು. ಇನ್ನು ಅರ್ಧ ನಿಮಿಷಕ್ಕೆ ಆಟ ಮುಗಿಯುತ್ತದೆ. ಗೆದ್ದರು ಎಂದೋ ಸೋತರು ಎಂದೋ ಈ ತೂತಿನಿಂದ ಹೇಳಿಬಿಟ್ಟರೆ ಆಮೇಲೆ ಹೇಳಲು ಏನೂ ಉಳಿಯುವುದಿಲ್ಲ. ಸಿರಿ ಬಂದು ಕೇಬಲ್ ಸುತ್ತಿಡುತ್ತಾಳೆ. ನಾಳೆಯಿಂದ ಮತ್ತೆ ಬರೀ ಕೆಮ್ಮು. ಅದನ್ನು ಇನ್ನೊಂದು ದಿನ ತಡೆದುಕೊಳ್ಳುವುದು ತನ್ನಿಂದ ಆಗುವುದಿಲ್ಲ ಎಂದು ಅವನಿಗೆ ಖಚಿತವಾಗಿ ಗೊತ್ತಾಯಿತು.

ರಿಮೋಟು ತೆಗೆದು ಗುಂಡಿ ಒತ್ತಿದ. ಸ್ವಾತಿ ಚಾಚಿದ ಕೈ ಚಾಚಿದ ಹಾಗೇ ನಿಂತಳು. ಗೋಡೆಯಾಚೆ ಸದ್ದು ಕತ್ತರಿಸಿದ ಹಾಗೆ ನಿಂತಿತು.

"ಏನಾಯ್ತು? ಕರೆಂಟು ಹೋಯ್ತಾ? ಅಣ್ಣ?"

"ಕರೆಂಟು ಹೋಗಿಲ್ಲ. ನಾನೇ ನಿಲ್ಸಿದೀನಿ."

"ಯಾಕೆ? ಪ್ರಾಣ ತೆಗೀಬೇಡ ಕಣಣ್ಣ, ಬಿಡು."

"ನೀನು ಬಾ. ಬಂದ್ಮೇಲೆ ಬಿಡ್ತೀನಿ. ನೀನಿಲ್ದೆ ನಾನೂ ನೋಡಲ್ಲ."

ಆ ಕಡೆಯಿಂದ ಕುರ್ಚಿ ಸರಿದ ಸದ್ದು ಕೇಳಿತು. ಬಾಗಿಲು ತೆರೆದ ಸದ್ದು ಕೇಳಿತು. ಇಂದುಧರ ಎದ್ದು ನಿಂತ. ಬಸವಕುಮಾರ ಬರಿಗಾಲಲ್ಲಿ, ಕೈಯಲ್ಲಿ ವಿಭೂತಿ ಒರಸಿದ ಬಟ್ಟೆ ಹಿಡಿದುಕೊಂಡೇ ಬಂದು ಬಾಗಿಲ ಮುಂದೆ ನಿಂತ. ಎರಡು ವರ್ಷಕ್ಕೆ ತಲೆ ಪೂರಾ ಬೆಳ್ಳಗಾಗಿತ್ತು. ಹೊಸ್ತಿಲ ಆಚೆಗೇ ನಿಂತ, ಒಳಗೆ ಬರಲಿಲ್ಲ. ಕಣ್ಣು ಹೊಸ್ತಿಲ ಮೇಲಿತ್ತು.

"ಅಂದಿದ್ದು ನಾನೇ" ಎಂದ ಇಂದುಧರ. "ಅನ್ಬಾರ್ದಾಗಿತ್ತು, ತಪ್ಪಾಯ್ತು. ಅವತ್ತಿಂದ ಒಂದು ದಿನಾನೂ ನೆಮ್ಮದಿಯಾಗಿ ಉಂಡಿಲ್ಲ ಕಣೋ. ಬಾ ಒಳಕ್ಕೆ."

ಬಸವಕುಮಾರ ಬಟ್ಟೆಯಲ್ಲಿ ಮುಖ ಒರಸಿಕೊಂಡ. ಹಣೆಯ ಮೇಲೆ ವಿಭೂತಿ ಅಡ್ಡಾದಿಡ್ಡಿ ಹತ್ತಿತು. "ಫ್ಯೂಸು ಹೋಗುತ್ತೆ ಅಂತ ಗೊತ್ತಿದ್ರೂ ಹಾಕ್ತಿದ್ದೆ ನಾನು" ಎಂದ. ಹೊಸ್ತಿಲು ದಾಟಿ ಒಳಗೆ ಬಂದ. ಸೀದಾ ಕಿಟಕಿ ಪಕ್ಕದ ಕುರ್ಚಿಗೆ ಹೋಗಿ ಕೂತು, ಟಿವಿಯಲ್ಲಿ ಕೈಚಾಚಿ ನಿಂತ ಮಗಳನ್ನು ನೋಡಿ, "ಎಷ್ಟು ಸೊರಗವ್ಳೆ" ಎಂದ.

ಇಂದುಧರ ಗುಂಡಿ ಒತ್ತಿದ.

ಸ್ವಾತಿಯ ಬೆರಳು ಒಬ್ಬಳ ಭುಜಕ್ಕೆ ತಾಗಿತು, ತಿರುಗುವಾಗ ಕಾಲು ಇನ್ನೊಬ್ಬಳ ಮಂಡಿಗೆ ತಾಗಿತು. ನಾಲ್ಕು ಜನ ಅವಳ ಮೇಲೆ ಬಿದ್ದರು. ಹೆಣಗಿ, ಹೊರಳಿ, ಕೊನೆಗೆ ಒಂದು ಕೈ ಆ ರಾಶಿಯೊಳಗಿಂದ ಹೊರಗೆ ಬಂದು ಮಧ್ಯದ ಗೆರೆಯ ಮೇಲೆ ಬಿತ್ತು. ರೆಫರಿ ನಾಲ್ಕು ಬೆರಳು ಎತ್ತಿದರು. ಬಸವಕುಮಾರ ಕುರ್ಚಿಯಿಂದ ಎದ್ದು ಅಣ್ಣನ ಹೆಗಲು ಹಿಡಿದುಕೊಂಡ. ಟಿವಿಯಲ್ಲಿ ಹಸಿರು ಹುಡುಗಿಯರು ಸದ್ದೇ ಇಲ್ಲದೆ ಕುಣಿಯುತ್ತಿದ್ದರು.

ಸದ್ದೆಲ್ಲ ಇದ್ದದ್ದು ಗೋಡೆಯ ಆ ಕಡೆ. ಅಲ್ಲಿ ಶಿವಗಂಗಮ್ಮ ಒಬ್ಬರೇ ಐದು ಸ್ಪೀಕರಿನ ನಡುವೆ ಕೂತಿದ್ದರು.

"ಏನ್ರೋ ಅದು?" ಎಂದು ಅವರ ದನಿ ಗದ್ದಲವನ್ನು ಸೀಳಿಕೊಂಡು ಗೂಡಿನಿಂದ ಬಂತು. "ಕಿವಿ ತೂತು ಬೀಳಂಗೆ ಕೂಗ್ತಾವ್ರೆ ಇಲ್ಲಿ. ಗೆದ್ವಾ, ಸೋತ್ವಾ? ಲೋ ಬಸವ, ಎಲ್ಲೋದ್ಯೋ?"

"ಗೆದ್ವಿ ಕಣವ್ವ" ಎಂದರು ಅಣ್ಣತಮ್ಮಂದಿರು ಒಟ್ಟಿಗೆ.

ಶಿವಗಂಗಮ್ಮ ಮೆಲ್ಲಗೆ ಕೇಳಿದರು: "ಇಬ್ರೂ ಅಲ್ಲೇ ಇದ್ದೀರಾ?"

"ಇಲ್ಲೇ ಇದೀವಿ" ಎಂದ ಇಂದುಧರ.